ಬ್ಯಾಂಕಿನವನ ಕಲ್ಲು

ಉಡುಪಿಯಲ್ಲಿ ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದ ಪ್ರೇಮನಾಥರು ವಿದೇಶದ ಬಾಕ್ಸ್ ಹಿಲ್‌ನಲ್ಲಿದ್ದ ಮಗಳ ಮನೆಗೆ ಬಂದಾಗ, ಪಾರ್ಕಿನ ಮರದಡಿ ನಗರಸಭೆಯವರು ನೆಟ್ಟ ಕರಿಕಲ್ಲೊಂದು ಕಣ್ಣಿಗೆ ಬಿತ್ತು. ಅದರ ಹಿತ್ತಾಳೆ ಫಲಕದಲ್ಲಿ, ಬಹಳ ಹಿಂದೆ ಇಲ್ಲಿ ಬ್ಯಾಂಕು ತೆರೆದಿದ್ದ ಅಮೆರಿಕದವನ ಹೆಸರಿತ್ತು. ನಮ್ಮ ಕಸುಬಿನ ಹಿರಿಯನಲ್ಲವೇ ಎಂದು ಅವರು ದಿನಾ ಬೆಳಿಗ್ಗೆ ಅದಕ್ಕೊಂದು ಗುಲಾಬಿ ಇಡತೊಡಗಿದರು. ಎರಡೇ ವಾರದಲ್ಲಿ ಅಕ್ಕಪಕ್ಕದ ನಮ್ಮವರೆಲ್ಲ ಕಲ್ಲಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆಯುತ್ತಿದ್ದರು.

ಒಂದು ಬೆಳಿಗ್ಗೆ ನೋಡಿದರೆ ಪಕ್ಕದ ಮನೆಯ ಜಯೇಶ್ ಪ್ರದಕ್ಷಿಣೆ ಹಾಕುತ್ತಿದ್ದ.

“ಇದೆಂಥದು ಮಾರಾಯ?”

“ಹೋಮ್ ಲೋನ್ ಅಪ್ರೂವ್ ಆಗ್ಲಿ ಅಂತ ಅಂಕಲ್.”

ಪ್ರೇಮನಾಥರಿಗೆ ಮೈಯೆಲ್ಲ ಉರಿಯಿತು. “ಕಾಯಿ ಒಡೆದವರಿಗೆಲ್ಲ ಯಾವ ಬ್ಯಾಂಕಿನವ ಸಾಲ ಕೊಡ್ತಾನೆ? ಮೊದಲು ಮೂರು ತಿಂಗಳ ಪೇಸ್ಲಿಪ್ ಇಡ್ಬೇಕು!”

ಮರುದಿನ ಕಲ್ಲಿನ ಮುಂದೆ ಹನ್ನೊಂದು ಜನರ ಪೇಸ್ಲಿಪ್ ಜೆರಾಕ್ಸ್‌ಗಳಿದ್ದವು. ಗಾಳಿಗೆ ಹಾರದಿರಲೆಂದು ಮೇಲೊಂದು ತೆಂಗಿನಕಾಯಿ ಇಟ್ಟಿದ್ದರು.