ನಲವತ್ತೊಂದು ಮಂದಿ ಮನೆಯವರು

ಹೊಸ ಬಟ್ಟೆಯ ಗಂಜಿ ವಾಸನೆಗೆ ಅರಿಶಿನದ ವಾಸನೆ ಬೆರೆತರೆ ಸಾಕು, ಆಶಾರಾಣಿ ಈಗಲೂ ಏಳು ವರ್ಷದವಳಾಗಿಬಿಡುತ್ತಿದ್ದಳು. ಸಾಲಗಾಮೆಯ ಮನೆಯಲ್ಲಿ ಗೌರಿ ಹಬ್ಬದ ಬೆಳಗ್ಗೆ ಅವ್ವ ನಂಜಮ್ಮ ಹೊಸ ಲಂಗದ ಮೂಲೆಗೆ ಚೂರೇ ಚೂರು ಅರಿಶಿನ ಹಚ್ಚಿ, ದೇವರ ಮುಂದಿಟ್ಟು, ಆಮೇಲೆ ಮಗಳ ಕೈಗೆ ಕೊಡುತ್ತಿದ್ದಳು. ಅದನ್ನು ಮೂಗಿಗೆ ಒತ್ತಿಕೊಂಡು ಬಾಗಿಲಲ್ಲಿ ನಿಲ್ಲುವುದೇ ಹಬ್ಬವಾಗಿತ್ತು. ಉಡುವುದು ಆಮೇಲಿನ ಮಾತು.

ಈಗ ಅವಳಿಗೆ ಇಪ್ಪತ್ತೇಳು. ಹಾಸನದ ಗುಂಡಯ್ಯ ಅಂಡ್ ಸನ್ಸ್ ಜವಳಿ ಅಂಗಡಿಯ ಸೀರೆ ವಿಭಾಗದಲ್ಲಿ ಕೆಲಸ. ದಿನವೂ ಹತ್ತಾರು ಕಟ್ಟು ಬಿಚ್ಚುತ್ತಾಳೆ, ಗಂಜಿಯ ವಾಸನೆಗೆ ಬರವಿಲ್ಲ. ಈ ಕೆಲಸ ಕೊಡಿಸಿದವರು ಸೀರೆ ವಿಭಾಗದ ಮೇಲ್ವಿಚಾರಕಿ ಸುವರ್ಣಮ್ಮ. ಆರು ವರ್ಷದ ಹಿಂದೆ, ಅಪ್ಪ ತೀರಿಕೊಂಡ ಮೇಲೆ, ಅವ್ವ ಹೊಲಿದ ರವಿಕೆಗಳನ್ನು ಅಂಗಡಿಗೆ ತಲುಪಿಸಲು ಬರುತ್ತಿದ್ದ ಹುಡುಗಿಯನ್ನು ನೋಡಿ ಯಜಮಾನರ ಹತ್ತಿರ ಹೋಗಿ, “ಈ ಮಗೀಗೆ ನಾನು ಜವಾಬ್ದಾರಿ” ಎಂದಿದ್ದರು.

ಆ ಅಂಗಡಿಯಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಗುಂಡಯ್ಯನವರು ಬದುಕಿದ್ದಾಗ ಗೌರಿ ಹಬ್ಬಕ್ಕೆ ಮುಂಚೆ ಒಬ್ಬೊಬ್ಬ ಕೆಲಸಗಾರರನ್ನೂ ಗಲ್ಲಾಪೆಟ್ಟಿಗೆಯ ಹತ್ತಿರ ಕರೆದು ಚೀಟಿ ಬರೆದುಕೊಡುತ್ತಿದ್ದರು. ಆ ಚೀಟಿ ತಂದ ಮನೆಯವರಿಗೆ ಬಟ್ಟೆ ಅಸಲು ಬೆಲೆಗೆ. ಈಗ ಮಗ ಸಿದ್ದೇಶ್ವರ ಅವರ ಕಾಲ. ಹಾಸನದ ಜೊತೆಗೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಲ್ಲೂ ಅಂಗಡಿಗಳಾಗಿವೆ. ಚೀಟಿ ಹೋಗಿ ಫೋನಿಗೆ ಕೋಡ್ ಬಂದಿದೆ. ಆಫೀಸಿನಿಂದ ಸುವರ್ಣಮ್ಮನಿಗೆ ಬರುತ್ತದೆ, ಅವರು ತಮ್ಮ ವಿಭಾಗದ ಎಲ್ಲರಿಗೂ ಕಳಿಸುತ್ತಾರೆ. ಕೋಡೆಂದರೆ ಮೊದಲು ಕೆಲಸಗಾರರ ಹೆಸರು, ಹಿಂದೆಯೇ ಅವರ ಮೊಬೈಲ್ ನಂಬರು, ಕೆಳಗೆ ಒಂದು ಸಾಲು: ‘ನಿಮ್ಮ ಮನೆಯವರಿಗೆ ಮಾತ್ರ.’

ಬೇರೆಯವರ ಮನೆಗಳಲ್ಲಿ ಗಂಡ, ಮಕ್ಕಳು, ಅಪ್ಪ, ಅಮ್ಮ ಎಂದು ದಂಡೇ ಇತ್ತು. ಆಶಾರಾಣಿಗೆ ಇದ್ದುದು ಅವ್ವ ಒಬ್ಬಳು. ಅವ್ವನಿಗೆ ಒಂದು ಸೀರೆ ತೆಗೆದ ಮೇಲೆ ಹತ್ತು ದಿನದ ಕೋಡು ಸುಮ್ಮನೆ ಬಿದ್ದಿತ್ತು. ಅನ್ನ ಮಿಕ್ಕಿದರೆ ಚಿತ್ರಾನ್ನ, ಬಟ್ಟೆ ಮಿಕ್ಕಿದರೆ ಕೌದಿ ಮಾಡುವ ಮನೆಯಲ್ಲಿ ಬೆಳೆದವಳಿಗೆ ಅದೊಂದು ಸಂಕಟ. ಫೋನಿನಲ್ಲಿ ಕೊಳ್ಳುವ ಮಾರುವ ಗುಂಪೊಂದರಲ್ಲಿ ಯಾರೋ ಇಂಥ ಕೋಡುಗಳನ್ನು ಮಾರುತ್ತಿದ್ದುದು ಕಂಡಿತು. ತಾನೂ ಹಾಕಿದಳು. ಮೂವರು ಕೇಳಿದರು. ತಲಾ ನೂರೈವತ್ತು ರೂಪಾಯಿ ಬಂತು. ಹಾಳಾಗುವುದು ಯಾರಿಗಾದರೂ ಆಯಿತಲ್ಲ ಎಂದು ಅವಳಿಗೆ ಸಮಾಧಾನವೇ ಆಯಿತು.

ಆ ಮೂವರಲ್ಲಿ ಒಬ್ಬ ಅದನ್ನೇ ಇನ್ನೂರರಂತೆ ಊರೂರಿಗೆ ಮಾರಿದ. ಜೊತೆಗೆ ಒಂದು ಉಪಾಯವನ್ನೂ ಬರೆದಿದ್ದ: ‘ಕೌಂಟರಿನಲ್ಲಿ ಕೇಳಿದರೆ, ಆಶಾರಾಣಿ ನಮ್ಮ ಮನೆಯವರು ಅನ್ನಿ.’

ಐದನೆಯ ದಿನ ಬೆಳಗ್ಗೆ ಅಂಗಡಿ ತೆರೆಯುತ್ತಿದ್ದಂತೆ ಸಿದ್ದೇಶ್ವರ ಒಂದು ಪಟ್ಟಿ ಹಿಡಿದುಕೊಂಡು ಸೀರೆ ವಿಭಾಗಕ್ಕೆ ಬಂದರು. ಹಣೆಯ ವಿಭೂತಿ ಇನ್ನೂ ಒಣಗಿರಲಿಲ್ಲ.

“ಆಶಾರಾಣಿ, ನಿಮಗೆ ಮದುವೆ ಆಗಿದೆಯಾ?”

“ಇಲ್ಲ ಸಾ.”

“ಈ ಪಟ್ಟಿ ನೋಡಿದ್ರೆ ನಲವತ್ತೊಂದು ಸಲ ಆಗಿದೆ.”

ಕೌಂಟರಿನ ಕಂಪ್ಯೂಟರಿನಲ್ಲಿ ಹೆಂಗಸರ ಕೋಡಿಗೆ ಸಂಬಂಧ ಎಂಬಲ್ಲಿ ನಾಲ್ಕೇ ಆಯ್ಕೆಗಳಿದ್ದವು: ತಂದೆ, ತಾಯಿ, ಗಂಡ, ಮಕ್ಕಳು. ಬಂದವರು ಹೇಳುವುದು ‘ಮನೆಯವರು’ ಎಂದು. ನಮ್ಮ ಕಡೆ ಹೆಣ್ಣುಮಕ್ಕಳ ಮನೆಯವರು ಎಂದರೆ ಇನ್ನು ಯಾರು? ಹಬ್ಬದ ನೂಕುನುಗ್ಗಲಲ್ಲಿ, ಅವಳ ಗುರುತಿಲ್ಲದ ಹೊರಗಿನ ಮೂರೂ ಊರಿನ ಕೌಂಟರಿನವರು ಕಣ್ಣು ಮುಚ್ಚಿಕೊಂಡು ‘ಗಂಡ’ ಎಂದು ಒತ್ತಿದ್ದರು.

ಶರ್ಟಿನ ವಿಭಾಗದ ಅರುಣ್‌ಕುಮಾರ್ ಇಣುಕಿ ನೋಡಿ ಕಿಸಕ್ಕೆಂದ. “ಅಕ್ಕಾ, ಚನ್ನರಾಯಪಟ್ಟಣದ ಮಲ್ಲಿಗಮ್ಮ, ವಯಸ್ಸು ಅರವತ್ತಾರು, ಸಂಬಂಧ ಗಂಡ! ಇದ್ಯಾವಾಗ ಓಲಗ ಊದ್ಸುದ್ರಿ? ನಮಗೊಂದು ಊಟನೂ ಆಕ್ಸನಿಲ್ವಲ್ಲ!”

ಅಂಗಡಿಯೆಲ್ಲ ನಕ್ಕಿತು. ಆಶಾರಾಣಿಗೆ ಮಾತ್ರ ಕಣ್ಣು ತುಂಬಿ ಎದುರಿನ ಸೀರೆಗಳೆಲ್ಲ ಒಂದೇ ಬಣ್ಣವಾದವು. ಸಿದ್ದೇಶ್ವರ ನಗಲಿಲ್ಲ.

“ಕೋಡ್ ಮಾರಿದೋರನ್ನ ಕೆಲಸದಲ್ಲಿ ಇಟ್ಕೊಳ್ಳಲ್ಲ ಅಂತ ನಾಲ್ಕೂ ಅಂಗಡೀಲಿ ಬರೆದು ಹಾಕಿದ್ದೀವಿ. ನೀವು ಮಾರಿದ್ರಾ?”

“ಗೊತ್ತಿಲ್ಲ ಸಾ,” ಎಂದುಬಿಟ್ಟಳು. ಬಾಯಿಗೆ ಬಂದದ್ದು ಅದು.

“ನಿಮ್ಮ ಫೋನಿಂದ ಹೋಗಿಲ್ಲ ಅಂದ್ರೆ ಸುವರ್ಣಮ್ಮೋರ ಫೋನಿಂದ ಹೋಗಿರ್ಬೇಕು. ನಾಳೆ ಹನ್ನೊಂದಕ್ಕೆ ಬಂದು ಹೇಳಿ.” ಅವರು ಹೊರಟುಹೋದರು.

ಆಶಾರಾಣಿ ತಿರುಗಿ ನೋಡಿದಳು. ಸುವರ್ಣಮ್ಮ ಸೀರೆ ಮಡಿಸುತ್ತಿದ್ದರು. ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಒತ್ತಿ, ಮತ್ತೆ ಬಿಚ್ಚಿ, ಅದನ್ನೇ ಮತ್ತೆ ಮಡಿಸುತ್ತಿದ್ದರು. ಆ ದಿನವೆಲ್ಲ ಅವರು ಅವಳೊಡನೆ ಒಂದು ಮಾತೂ ಆಡಲಿಲ್ಲ.

ಹೊರಡುವಾಗ ಅರುಣ್‌ಕುಮಾರ್ ಬಸ್ ನಿಲ್ದಾಣದವರೆಗೂ ಹಿಂದೆ ಬಂದ. “ನಗಾಡ್ದೆ ಅಂತ ಬೇಜಾರು ಮಾಡ್ಕಬ್ಯಾಡಿ ಅಕ್ಕ. ನಾಳೆ ಫೋನ್ ಕಳೆದೋಗಿತ್ತು ಅನ್ನಿ, ಅಷ್ಟೇಯ. ಯಾರು ನೋಡವ್ರೆ?”

“ಆಮೇಲೆ ಸುವರ್ಣಮ್ಮೋರ್ನ ಕೇಳುದ್ರೆ?”

“ಅವ್ರು ಅಳೇ ಜನ, ಬುಡ್ತಾರೆ,” ಎಂದ. ಆದರೆ ಹೇಳುವಾಗ ಅವನೂ ಅವಳ ಮುಖ ನೋಡಲಿಲ್ಲ.

ಸಾಲಗಾಮೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೂತದ್ದೇ ತಡ, ಫೋನು ಶುರುವಾಯಿತು. ಬೆಳಗ್ಗೆಯೇ ಅಂಗಡಿಯವರು ಕೋಡನ್ನು ನಿಲ್ಲಿಸಿದ್ದರು. ದುಡ್ಡು ಕೊಟ್ಟು ಕೋಡು ಕೊಂಡು ಇನ್ನೂ ಬಳಸದೆ ಉಳಿದವರಿಗೆಲ್ಲ ಮಾರಿದವನ ವಿಳಾಸ ಗೊತ್ತಿಲ್ಲ, ಕೋಡಿನಲ್ಲೇ ಇರುವ ಇವಳ ನಂಬರು ಗೊತ್ತು.

“ಕಾಸು ಈಸ್ಕಂಡು ಮೋಸ ಮಾಡ್ತೀಯೇನಮ್ಮ? ಇನ್ನೂರು ವಾಪಸ್ ಆಕು, ಇಲ್ದಿದ್ರೆ ನಿನ್ ನಂಬ್ರ ಎಲ್ಲಾ ಗುಂಪಿಗೂ ಆಕ್ತೀನಿ.”

“ನಾನು ನಿಮಗೆ ಮಾರೇ ಇಲ್ಲ ಅಣ್ಣ.”

“ಮತ್ತೆ ನಿನ್ನ ಎಸ್ರು ಯಾಕೈತೆ ಇದ್ರಾಗೆ?”

ಅರಕಲಗೂಡಿನಿಂದ ಒಬ್ಬ, ಹೊಳೆನರಸೀಪುರದಿಂದ ಇಬ್ಬರು, ಊರು ಹೇಳದೆ ಬೈದವರು ನಾಲ್ವರು. ಎಂಟನೆಯ ಸಲ ಫೋನು ಬಂದಾಗ ಮಡಿಲ ಚೀಲದಿಂದ ಕೈ ತೆಗೆದು ಅದನ್ನು ಎತ್ತಿದಳು. ಪಕ್ಕದಲ್ಲಿ ಕೂತಿದ್ದ, ಗುರುತಿಲ್ಲದ ಹೆಂಗಸೊಬ್ಬಳು ಏನೂ ಕೇಳದೆ ಅವಳ ಜಾರುತ್ತಿದ್ದ ಚೀಲವನ್ನು ತನ್ನ ತೊಡೆಯ ಮೇಲೆ ಎಳೆದಿಟ್ಟುಕೊಂಡಳು.

“ಅಲೋ, ಆಸಾರಾಣಿನೇನವ್ವ? ನಾನು ಚನ್ನರಾಯಪಟ್ಣದ ಮಲ್ಲಿಗಮ್ಮ.”

ಆಶಾರಾಣಿ ಬೈಗುಳಕ್ಕೆ ಮೈ ಬಿಗಿ ಮಾಡಿಕೊಂಡಳು.

“ಕ್ವಾಪ ಮಾಡ್ಕಬ್ಯಾಡ ಕಣವ್ವ. ಪಕ್ಕದ್ಮನೆಯೋಳು ಅದೇನೋ ನಂಬ್ರ ಕೊಡ್ಸುದ್ಲು, ಕಮ್ಮಿಗೆ ಸಿಕ್ತದೆ ಅಂತ. ಮಗಳ್ಗೆ ಬಾಗಿನದ ಸೀರೆ ತರಬೇಕಿತ್ತು. ಅಂಗ್ಡೀಲಿ ಕೇಳುದ್ರು. ನೀನು ಯಾರೋ ಏನೋ, ಮಕ ಕಂಡಿಲ್ಲ, ಆಸಾರಾಣಿ ನಮ್ಮನೆಯವ್ಳು ಅಂದ್ಬುಟ್ಟೆ. ಇವತ್ತು ಅವ್ರೇ ಫೋನ್ ಮಾಡಿ, ಆ ಹುಡ್ಗಿ ನಿಮ್ಗೆ ಏನಾಗ್ಬೇಕು ಅಂದ್ರು. ಬಾಯೇ ಬರ್ನಿಲ್ಲ ನಂಗೆ.”

“ಹೋಗ್ಲಿ ಬಿಡಿ ಅಜ್ಜಿ.”

“ಓಗ್ಲಿ ಅಂದ್ರೆ ಎಂಗವ್ವ? ನಿನ್ನ ಎಸ್ರಲ್ಲಿ ಸುಳ್ಳೇಳ್ದೋಳು ನಾನು. ನಿನ್ನ ಕೆಲ್ಸಕ್ಕೇನೂ ಆಗ್ನಿಲ್ಲ ತಾನೆ?”

ಬೆಳಗಿನಿಂದ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆಶಾರಾಣಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

“ಬೇಕಾದ್ರೆ ಸೀರೆ ತಂದು ಕೊಟ್ಬುಡ್ತೀನಿ ಕಣವ್ವ. ಆದ್ರೆ ಮೂಲೆಗೆ ಒಸಿ ಅರಿಶ್ನ ಹಚ್ಬುಟ್ಟಿವ್ನಿ. ತಕ್ಕತಾರಾ?”

ಬಸ್ಸು ಒಂದು ಹಳ್ಳಕ್ಕೆ ಇಳಿದು ಎದ್ದಿತು. ಅವಳ ಮೂಗಿಗೆ ಇಲ್ಲದ ಅರಿಶಿನದ ವಾಸನೆ ಬಡಿಯಿತು. ಮುಖ ಕಾಣದ ಒಬ್ಬ ಅಜ್ಜಿ, ಆಡಿದ ಒಂದು ಸುಳ್ಳಿಗಾಗಿ ಇಷ್ಟು ದೂರದಿಂದ ತಪ್ಪೊಪ್ಪಿಕೊಳ್ಳುತ್ತಿದ್ದಾಳೆ. ಆರು ವರ್ಷದಿಂದ ಪಕ್ಕದಲ್ಲಿ ನಿಂತವರ ಎದುರು ತಾನು ಆಡಿದ್ದೇನು?

“ನೀವು ಸುಳ್ಳು ಹೇಳೋ ಹಂಗೆ ಮಾಡ್ದೋಳು ನಾನೇ ಅಜ್ಜಿ,” ಎಂದಳು. “ಅದನ್ನ ಮಾರಿದ್ದು ನಾನು. ನಾಳೆ ಹೇಳ್ತೀನಿ.”

ಮರುದಿನ ಬೆಳಗ್ಗೆ ಅವ್ವ ಡಬ್ಬಿ ಕಟ್ಟಲು ಬಂದಾಗ ಬೇಡವೆಂದಳು. ಹನ್ನೊಂದಕ್ಕೆ ಕೆಲಸ ಹೋಗುವವಳಿಗೆ ಮಧ್ಯಾಹ್ನದ ಊಟವೇಕೆ? ಅವ್ವನಿಗೆ ಅದನ್ನು ಹೇಳಲಿಲ್ಲ, ಹಸಿವಿಲ್ಲ ಎಂದಳು.

ಯಜಮಾನರ ಕೋಣೆಯಲ್ಲಿ ಸುವರ್ಣಮ್ಮನೂ ನಿಂತಿದ್ದರು. ಆಶಾರಾಣಿ ಕೂರಲಿಲ್ಲ.

“ನಾನೇ ಮಾರಿದ್ದು ಸಾ. ಮೂರು ಜನಕ್ಕೆ, ನೂರೈವತ್ತರ ಹಾಗೆ. ಸುವರ್ಣಮ್ಮೋರಿಗೆ ಏನೂ ಗೊತ್ತಿಲ್ಲ. ನಿನ್ನೆ ಹೆದರಿಕೊಂಡು ಸುಳ್ಳು ಹೇಳ್ದೆ.” ಮೂವರ ಹೆಸರು ಬರೆದ ಹಾಳೆಯನ್ನು ಮೇಜಿನ ಮೇಲಿಟ್ಟಳು.

“ಯಾಕೆ ಮಾರಿದ್ರಿ? ಕಷ್ಟ ಇತ್ತಾ?”

“ಇಲ್ಲ ಸಾ. ಸುಮ್ಮನೆ ಹಾಳಾಗ್ತದಲ್ಲಾ ಅಂತ.”

ಸಿದ್ದೇಶ್ವರ ಕನ್ನಡಕ ತೆಗೆದರು. “ಹಾಳಾಗ್ತದೆ ಅಂತಾನಾ?”

“ನಮ್ಮನೇಲಿ ಇರೋದು ಇಬ್ರೇ ಸಾ. ಅವ್ವನಿಗೆ ಒಂದು ಸೀರೆ ತಗೊಂಡ ಮೇಲೆ ಇನ್ಯಾರಿಗೆ?”

ಹೊರಗೆ ಯಾರೋ ಹದಿನಾರು ಮೊಳದ ಸೀರೆ ಇದೆಯೇ ಎಂದು ಕೇಳುತ್ತಿದ್ದುದು ಕೇಳಿಸಿತು.

“ಅಪ್ಪಾಜಿ ಚೀಟಿ ಬರೆಯೋವಾಗ ಒಬ್ಬೊಬ್ಬರನ್ನೂ ಕೂರಿಸಿಕೊಂಡು, ಮನೇಲಿ ಯಾರ್ಯಾರು ಇದ್ದೀರಿ ಅಂತ ಕೇಳೋರು. ಎಷ್ಟು ಜನವೋ ಅಷ್ಟೇ ಚೀಟಿ. ನಾನು ಕೇಳಲಿಲ್ಲ, ಎಲ್ಲರಿಗೂ ಒಂದೇ ಸಲ ಕಳಿಸಿದೆ.” ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಹಾಗಂತ ನಿಮ್ಮ ತಪ್ಪು ತಪ್ಪಲ್ಲ ಅಂತ ಅಲ್ಲ. ಯಾವನೋ ನಿಮ್ಮ ಹೆಸರಿಟ್ಟುಕೊಂಡು ಸಂಪಾದನೆ ಮಾಡಿದ್ದಾನೆ. ಬೈಸಿಕೊಳ್ತಿರೋರು ನೀವು.”

“ಹೌದು ಸಾ.”

“ಸಂಕ್ರಾಂತಿವರೆಗೂ ಗೋಡೌನಲ್ಲಿ ಕೆಲಸ ಮಾಡಿ. ಎರಡು ವರ್ಷ ನಿಮಗೆ ರಿಯಾಯಿತಿ ಇಲ್ಲ. ಆ ಮೂರು ಜನದ ದುಡ್ಡು ವಾಪಸ್ ಕೊಟ್ಟುಬಿಡಿ. ಇನ್ನೂರಕ್ಕೆ ಮಾರಿದವನ ಮೇಲೆ ನಾವು ಪೊಲೀಸಿಗೆ ದೂರು ಕೊಡ್ತೀವಿ, ನೀವೂ ಸಹಿ ಹಾಕಬೇಕು. ಫೋನ್ ಮಾಡಿದೋರಿಗೆಲ್ಲ ನಡೆದದ್ದು ಹೇಳಿ.”

ಕೆಲಸ ಉಳಿಯಿತು ಎಂದು ಅರ್ಥವಾಗಲು ಅವಳಿಗೆ ಒಂದು ಗಳಿಗೆ ಹಿಡಿಯಿತು. ತಲೆಯಾಡಿಸಿ, ಬಾಗಿಲವರೆಗೆ ಹೋಗಿ, ತಿರುಗಿ ನಿಂತಳು.

“ಚನ್ನರಾಯಪಟ್ಟಣದ ಅಜ್ಜಿಯೊಬ್ರು ಸೀರೆ ವಾಪಸ್ ತರ್ತೀನಿ ಅಂತಾರೆ ಸಾ. ಅರಿಶಿನ ಹಚ್ಚಿಬಿಟ್ಟಿದ್ದಾರಂತೆ.”

“ಅರಿಶಿನ ಹಚ್ಚಿದ ಸೀರೆನ ಯಾವ ಅಂಗಡಿಯವನು ವಾಪಸ್ ತಗೋತಾನೆ? ಮಗಳಿಗೆ ಉಡಿಸಿ ಅನ್ನಿ.” ಅವರು ಪಟ್ಟಿಯನ್ನು ಎತ್ತಿಕೊಂಡು, ಸಂಬಂಧ ಎಂದು ಬರೆದಿದ್ದ ಕಡೆ ಒಳಗಾಗುವಂತೆ ಮಡಿಸಿ ಡ್ರಾಯರಿಗೆ ಹಾಕಿದರು. ಆಮೇಲೆ ಆ ಪಟ್ಟಿಯನ್ನು ಅಂಗಡಿಯಲ್ಲಿ ಯಾರೂ ನೋಡಲಿಲ್ಲ.

ಗೋಡೌನು ಅಂಗಡಿಯ ಹಿಂದೆ, ಕಿಟಕಿ ಒಂದೇ. ಆಶಾರಾಣಿ ಕಟ್ಟುಗಳ ಮೇಲಿನ ನಂಬರುಗಳನ್ನು ಪುಸ್ತಕಕ್ಕೆ ಬರೆದಳು, ನಡುವೆ ಬಂದ ಫೋನುಗಳನ್ನೆಲ್ಲ ಎತ್ತಿ ಮಾತಾಡಿದಳು. ಕೆಲವರು ಬೈದರು, ಒಬ್ಬ ಪೂರ್ತಿ ಕೇಳಿ “ಓಗ್ಲಿ ಬುಡಮ್ಮ” ಎಂದ. ಮಲ್ಲಿಗಮ್ಮನಿಗೆ ತಾನಾಗಿಯೇ ಫೋನು ಮಾಡಿದಳು. ಆ ಅಜ್ಜಿ ಸೀರೆಯ ವಿಷಯ ಬಿಟ್ಟು, “ಕೆಲ್ಸ ಉಳ್ಕತಾ?” ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ಒಂದೂವರೆಗೆ ಅಂಗಡಿಯ ಕಡೆಯಿಂದ ಡಬ್ಬಿಗಳ ಸದ್ದು ಕೇಳಿಸಿತು. ಆಶಾರಾಣಿ ಬಾಟಲಿಯ ನೀರು ಕುಡಿದು ಮುಂದಿನ ಕಟ್ಟಿಗೆ ಕೈ ಹಾಕಿದಳು. ಬಾಗಿಲ ಹತ್ತಿರ ಚಪ್ಪಲಿ ಬಿಟ್ಟ ಸದ್ದಾಯಿತು.

ಸುವರ್ಣಮ್ಮ ಒಳಗೆ ಬಂದರು. ಒಂದು ಕಟ್ಟಿನ ಮೇಲೆ ಹಳೆಯ ಪೇಪರು ಹಾಸಿದರು. ಡಬ್ಬಿಯ ಮುಚ್ಚಳಕ್ಕೆ ಮುದ್ದೆಯ ಅರ್ಧಕ್ಕಿಂತ ದೊಡ್ಡ ಭಾಗವನ್ನು ಮುರಿದಿಟ್ಟು, ಸೊಪ್ಪಿನ ಸಾರು ಬಿಟ್ಟು, ಸಾರು ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದು ಅವಳ ಕಡೆಗೆ ನೀಡಿದರು.