ಅಂಟದ ಕುಂಕುಮ

ನಿಸರ್ಗಾಳಿಗೆ ಎಂಟನೇ ತಿಂಗಳು ನಡೆಯುತ್ತಿತ್ತು. ಹಿಂದಿನದು ಐದು ತುಂಬುವ ಮೊದಲೇ ಕೈತಪ್ಪಿ ಹೋಗಿತ್ತು. ಈ ಸಲ ಬಾಣಂತನ ಮುಗಿಸಿಯೇ ಬರುತ್ತೇನೆಂದು ಹೇಳಿ ನಾನು ಮಂಡ್ಯದಿಂದ ವಿಮಾನ ಹತ್ತಿ, ಮಗಳಿರುವ ಪರದೇಶದ ಊರಾದ ಈ ಎವರ್‌ಗ್ರೀನಿನ ಗುಡ್ಡದ ಮನೆಗೆ ಬಂದೆ. ಮಗಳು ಎಡವದ ಹಾಗೆ, ಉಳುಕದ ಹಾಗೆ ನೋಡಿಕೊಳ್ಳುವುದೊಂದೇ ನನ್ನ ಕೆಲಸ.

ಅಳಿಯ ನಾಗಾರ್ಜುನನಿಗೆ ಕಾರಿನದೇ ಕೆಲಸ. ಡಾಟ್‌ಕಾಂ ಕಂಪನಿಗಳು ಸಂತೆ ಮುಗಿದ ಮೇಲಿನ ಅಂಗಡಿಗಳ ಹಾಗೆ ಗಂಟುಮೂಟೆ ಕಟ್ಟುತ್ತಿದ್ದ ವರ್ಷ ಅದು. ಶುಕ್ರವಾರ ಅವನ ಆಫೀಸಿನಿಂದ ಯಾರಾದರೂ ಕೆಲಸ ಕಳೆದುಕೊಂಡು ರಟ್ಟಿನ ಪೆಟ್ಟಿಗೆ ಹೊತ್ತು ಮನೆಗೆ ಹೋಗುವರು. ಶನಿವಾರ ಇವನು ಗರಾಜಿನ ಬಾಗಿಲೆತ್ತಿ ತನ್ನ ಕಪ್ಪು ಕಾರಿಗೆ ಹೊಳಪಿನ ಇನ್ನೊಂದು ಪದರ ಬಳಿಯುವನು. ಊಟಕ್ಕೆ ಕರೆದರೂ ಕೇಳಿಸದು.

"ಇದು ಸೀಲೆಂಟು ಅತ್ತೆ. ಪೇಂಟನ್ನ ನೇರ ಹಿಡ್ಕೊಳ್ಳುತ್ತೆ. ಇದು ಒಣಗಿದ ಮೇಲೆ ವ್ಯಾಕ್ಸು. ತಿರುಗಾಮುರುಗಾ ಮಾಡಿದ್ರೆ ಮೇಲಿಂದು ನಿಲ್ಲಲ್ಲ."

"ಗೋಡೆಗೆ ಸುಣ್ಣ ಹೊಡ್ದಂಗೆ ಅನ್ನಿ. ಒಂದ್ ಕೈ ಒಣಗದೆ ಇನ್ನೊಂದ್ ಕೈ ಹೊಡೀಬಾರ್ದು."

"ಕರೆಕ್ಟು! ನಮ್ಮ ಆಫೀಸಿಗೆ ನಿಮ್ಮನ್ನೇ ಕೆಲಸಕ್ಕೆ ತಗೋಬೇಕು."

"ಮೊದ್ಲು ನಿಮ್ಮ ಕೆಲಸ ಉಳಿಸ್ಕೊಳ್ರೀ," ಎಂದಳು ನಿಸರ್ಗಾ, ಬಾಗಿಲಿಗೆ ಒರಗಿಕೊಂಡು.

ಅವಳು ನಗುತ್ತಲೇ ಅಂದದ್ದು. ಅವನು ನಗಲಿಲ್ಲ. ಬಟ್ಟೆಯನ್ನು ಮತ್ತೆ ಸುತ್ತಿಸುತ್ತಿ ಉಜ್ಜತೊಡಗಿದ. ಬಾನೆಟ್ಟಿನ ಕಪ್ಪಿನೊಳಗೆ ಅವನ ಮುಖ ಬಾವಿಯ ತಳದಲ್ಲಿ ಕಂಡ ಹಾಗೆ ಕಾಣುತ್ತಿತ್ತು.

ಆಯುಧಪೂಜೆಯ ಬೆಳಿಗ್ಗೆ ಹಾಸನದಿಂದ ಅವನ ತಾಯಿ ಕೆಂಪಮ್ಮನವರ ಫೋನು ಬಂತು. ಸ್ಪೀಕರಿಗೆ ಹಾಕಿದ್ದರಿಂದ ಗರಾಜೆಲ್ಲ ಅವರದೇ ದನಿ.

"ಗಾಡೀಲಿ ಎಲ್ಲೂ ತುಕ್ಕಿರಬಾರ್ದು ಕಣ್ಲಾ ಮಗ. ತುಕ್ಕಿರೋ ಆಯುಧಕ್ಕೆ ಪೂಜೆ ಮಾಡುದ್ರೆ ಮನೆಗೆ ಶನಿ ವಕ್ಕರಿಸ್ಕತಾನೆ. ಬೇಕಾರೆ ನಿಮ್ಮತ್ತೆ ಲಿಂಗಮ್ಮಾರನ್ನ ಕೇಳು."

"ಹೊಸ ಕಾರಮ್ಮ ಇದು. ತುಕ್ಕೆಲ್ಲಿಂದ ಬರುತ್ತೆ?"

ಹಾಗೆಂದವನು ಫೋನಿಟ್ಟ ಮೇಲೆ ಬಗ್ಗಿ ನೋಡಿದ. ಹಿಂದಿನ ದಿನ ನೀರು ಹಾಕಿ ತೊಳೆದಿದ್ದ. ಚಕ್ರದ ಕಡ್ಡಿಗಳ ಸಂದಿಯಲ್ಲಿ ಒಂದು ಕಬ್ಬಿಣದ ಬಿಲ್ಲೆ. ಅದರ ಮೇಲೆ ತೆಳ್ಳಗೆ ಕಂದು ತುಕ್ಕು ಕೂತಿತ್ತು.

"ಅದೇನಪ್ಪ ಅದು, ತಟ್ಟೆ ಹಂಗದೆ?"

"ಬ್ರೇಕಿಂದು ಅತ್ತೆ."

ಟೈರಿಗೆ ಹೊಳಪು ಬರಿಸುವ ಎಣ್ಣೆಯಂಥ ದ್ರಾವಣವಿತ್ತು. ಅದನ್ನೇ ಚಿಮುಕಿಸಿ ನಾಲ್ಕೂ ಬಿಲ್ಲೆಗಳ ತುಕ್ಕು ಒರೆಸಿದ. ಪೂಜೆಯ ಬೆಳ್ಳಿ ತಟ್ಟೆಗಳಾದವು ಅವು. ಆಮೇಲೆ ಟೈರು. ಪಕ್ಕಕ್ಕಷ್ಟೇ ಹಚ್ಚಿ ಬಿಡಲಿಲ್ಲ. ಕಾರನ್ನು ಸ್ವಲ್ಪ ಸ್ವಲ್ಪವೇ ಉರುಳಿಸಿ ನೆಲ ಮುಟ್ಟುವ ಮೈಗೂ ಬಳಿದ. ಹಬ್ಬದ ದಿನ ಒಂದು ಕಡೆ ಹೊಳೆದು ಒಂದು ಕಡೆ ಮಂಕಾಗಿದ್ದರೆ ಲಕ್ಷಣವಲ್ಲ ಎಂದ. ನಮ್ಮಲ್ಲೂ ಆವತ್ತು ಕುಡುಗೋಲು, ಮಚ್ಚು, ನೇಗಿಲ ಗುಳ, ಎಲ್ಲಕ್ಕೂ ಎಣ್ಣೆ ಕೈ ಸವರುತ್ತಾರೆ. ಅವನು ಮಾಡಿದ್ದರಲ್ಲಿ ನನಗೂ ತಪ್ಪು ಕಾಣಲಿಲ್ಲ.

ಪೂಜೆಗೆ ನಿಂತೆವು.

ಕಲಶದ ನೀರು ಪ್ರೋಕ್ಷಿಸಿದೆ. ಕೆಸುವಿನೆಲೆಯ ಮೇಲೆ ಬಿದ್ದಂತೆ ಮಣಿಮಣಿಯಾಗಿ ಉರುಳಿ ಹೋಯಿತು. ಗಂಧ ಹಚ್ಚಿದೆ, ಜಾರಿತು. ಅದರ ಮೇಲೆ ಕುಂಕುಮವಿಟ್ಟೆ. ಅದು ನಿಲ್ಲದೆ ಒಂದು ಕೆಂಪು ಗೆರೆಯಾಗಿ ಬಾನೆಟ್ಟಿನ ಉದ್ದಕ್ಕೂ ಇಳಿಯಿತು. ಇನ್ನೊಮ್ಮೆ ಒತ್ತಿ ಇಟ್ಟೆ. ಮತ್ತೆ ಇಳಿಯಿತು.

"ನೋಡಿದ್ರಾ ಅತ್ತೆ, ಏನೂ ಅಂಟಲ್ಲ!" ಎಂದ ನಾಗಾರ್ಜುನ. ಬಹಳ ದಿನದ ಮೇಲೆ ಅವನ ಮುಖ ಅರಳಿತ್ತು. "ಹಕ್ಕಿ ಹಿಕ್ಕೆ, ಧೂಳು, ಬಿಸಿಲು, ಏನೂ ಮಾಡಕ್ಕಾಗಲ್ಲ ಇದಕ್ಕೆ."

"ಕುಂಕುಮಾನೂ ಅಂಟ್ನಿಲ್ವಲ್ಲಪ್ಪ," ಎಂದೆ.

ಸೇವಂತಿಗೆ ಹಾರವನ್ನು ಬಾನೆಟ್ಟಿನ ಮೇಲಿಟ್ಟ. ಅದೂ ಮೆಲ್ಲಗೆ ಸರಿದು ನೆಲಕ್ಕೆ ಬಿತ್ತು. ನಿಸರ್ಗಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

ಚಕ್ರದ ಕೆಳಗೆ ನಿಂಬೆಹಣ್ಣಿಟ್ಟೆವು. ಅದು ಒಡೆದು ರಸ ಹರಿದರೆ ದೃಷ್ಟಿ ಕಳೆಯಿತು ಎಂದು ಲೆಕ್ಕ. ನಾಗಾರ್ಜುನ ಒಳಗೆ ಕೂತು ಕಾರು ಮುಂದೆ ಬಿಟ್ಟ. ಹಣ್ಣು ಒಡೆಯಲಿಲ್ಲ. ಚಕ್ರದ ಸಂದಿಯಿಂದ ಪುಸಕ್ಕನೆ ಜಿಗಿದು, ಇಳಿಜಾರಿನಲ್ಲಿ ಉರುಳುತ್ತಾ ಉರುಳುತ್ತಾ ರಸ್ತೆ ದಾಟಿ ಎಲ್ಲೋ ಹೋಯಿತು. ಇನ್ನೊಂದನ್ನಿಟ್ಟೆವು. ಅದೂ ಇಡಿಯಾಗಿಯೇ ಓಡಿತು.

"ಬಿಡಿ ಅತ್ತೆ, ದೇವಸ್ಥಾನದಲ್ಲಿ ಭಟ್ರು ಒಡಿಸ್ತಾರೆ. ಹತ್ತು ನಿಸರ್ಗಾ, ಸನ್ನಿವೇಲಿನ ದೇವಸ್ಥಾನಕ್ಕೆ ಹೋಗೋಷ್ಟರಲ್ಲಿ ಮಂಗಳಾರತಿ ಆಗಿಹೋಗುತ್ತೆ."

ನಿಸರ್ಗಾ ಕಾರಿನ ಬಾಗಿಲಿಗೆ ಕೈ ಹಾಕಿದಳು. ನಾನು ಅವಳ ಮೊಣಕೈ ಹಿಡಿದೆ.

"ನೀವು ಗಾಡಿ ಇಳಿಸ್ಕೊಂಡು ಹೋಗಿ ಕೆಳಗೆ ತಿರುವ್ನಲ್ಲಿ ನಿಲ್ಸಿ. ನಾವು ನಡ್ಕೊಂಡು ಬತ್ತೀವಿ."

"ಅವ್ವಾ, ಈ ಹೊಟ್ಟೆ ಹೊತ್ಕೊಂಡು ನಡೀಲಾ? ಕಾರ್ ಇರೋದ್ ಯಾತಕ್ಕೆ?"

"ನಡುದ್ರೆ ಹೆರಿಗೆ ಹಗುರಾಯ್ತದೆ. ಬಾ."

"ಎರಡು ನಿಂಬೆಹಣ್ಣಿಗೆ ಹೆದರಿಬಿಟ್ರಾ ಅತ್ತೆ?" ನಾಗಾರ್ಜುನ ಕಿಟಕಿಯಿಂದ ತಲೆ ಹೊರಗೆ ಹಾಕಿ ನಕ್ಕ.

"ಹೂಂ ಕಣಪ್ಪ. ಹೆದರ್ಕೊಂಡೆ. ಮೆಲ್ಲಗೆ ಹೋಗಿ."

ಏಕೆ ಹೆದರಿದೆ ಎಂದು ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ. ಬೆಳಗಿನಿಂದ ಆ ಕಾರಿನ ಮೇಲೆ ಇಟ್ಟದ್ದು ಒಂದೂ ನಿಂತಿರಲಿಲ್ಲ. ಅದರೊಳಗೆ ನನ್ನ ಮಗಳನ್ನು ಕೂರಿಸಲು ಕೈ ಬರಲಿಲ್ಲ, ಅಷ್ಟೇ.

ಕಾರು ಗೇಣುಗೇಣಾಗಿ ಇಳಿಜಾರಿಗೆ ಸರಿಯಿತು. ಹಿಂದಿನ ಕೆಂಪು ದೀಪ ಹತ್ತಿತು. ಬ್ರೇಕು ಒತ್ತಿದರೆ ಹತ್ತುವ ದೀಪ ಅದು ಎಂದು ಅವನೇ ಒಮ್ಮೆ ಹೇಳಿದ್ದ. ದೀಪ ಹತ್ತಿಕೊಂಡೇ ಇತ್ತು. ಕಾರು ನಿಲ್ಲಲಿಲ್ಲ. ಕಿರ್ರೆನ್ನಲೂ ಇಲ್ಲ. ಒಣಗಿದ ಗುಡ್ಡಗಳ ನಡುವೆ, ಆ ಬಿಸಿಲಲ್ಲಿ, ಥಳಥಳ ಹೊಳೆಯುತ್ತಾ, ತನ್ನ ಪಾಡಿಗೆ ತಾನು ವೇಗ ಕೂಡಿಸಿಕೊಂಡು ಇಳಿಯಿತು.

"ರೀ!" ಎಂದು ಕೂಗಿದಳು ನಿಸರ್ಗಾ. ಅವಳ ಉಗುರು ನನ್ನ ಕೈಯೊಳಗೆ ಇಳಿದಿತ್ತು.

ತಿರುವಿನಲ್ಲಿ ಕಾರು ತಿರುಗಲಿಲ್ಲ. ನೇರ ಹೋಗಿ ಎದುರಿನ ಕಲ್ಲುಗೋಡೆಗೆ ಹೊಡೆಯಿತು. ಇಲ್ಲಿ ಓಡಿಸುವವರು ಕೂರುವುದು ಎಡಕ್ಕೆ. ಬಲಗಡೆ, ನಿಸರ್ಗಾ ಕೂರಬೇಕಾಗಿದ್ದ ಹಿಂದಿನ ಸೀಟಿನವರೆಗೂ ತಗಡು ಮುದುರಿಕೊಂಡಿತು.

ನಾವು ಇಳಿದು ಹೋಗುವಷ್ಟರಲ್ಲಿ ಅವನು ಹೊರಗೆ ಬಂದು ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಹಣೆಯಿಂದ ರಕ್ತ ಇಳಿಯುತ್ತಿತ್ತು. ಕಡ್ಡಿಗಳ ಸಂದಿಯಲ್ಲಿ ಬೆರಳು ತೂರಿಸಿ ಆ ಬಿಲ್ಲೆಯ ಅಂಚು ಮುಟ್ಟಿದ. ಬೆರಳು ತೆಗೆದು ಬಿಸಿಲಿಗೆ ಹಿಡಿದ. ಬೆರಳ ತುದಿ ಹೊಳೆಯುತ್ತಿತ್ತು.

"ನಾನೇ ಹಚ್ಚಿದ್ದು ಅತ್ತೆ," ಎಂದ. "ಹೊಳೀಲಿ ಅಂತ ಟೈರಿಗೆ, ತುಕ್ಕು ಇರಬಾರದು ಅಂತ ಬ್ರೇಕಿಗೂ ನಾನೇ ಹಚ್ಚಿದೆ."

ನಾನು ಸೆರಗಿನಿಂದ ಅವನ ಹಣೆ ಒತ್ತಿ ಹಿಡಿದೆ. ನಿಸರ್ಗಾ ಕಾರನ್ನು ನೋಡಲಿಲ್ಲ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು, ತಲೆ ಬಗ್ಗಿಸಿ, ಒಳಗಿನದು ಒದೆಯುವುದನ್ನೇ ಕಾಯುತ್ತಾ ನಿಂತಿದ್ದಳು. ನಾನೂ ಕಾದೆ.

ಬಾನೆಟ್ಟು ಮಡಚಿಕೊಂಡು ಬಣ್ಣ ಸೀಳಿದ ಕಡೆ, ಬೆಳಿಗ್ಗೆ ಜಾರಿದ ಕುಂಕುಮವೆಲ್ಲ ಬಂದು ಕೂತಿತ್ತು.

"ಅವ್ವಾ," ಎಂದಳು ನಿಸರ್ಗಾ, ತುಂಬ ಹೊತ್ತಾದ ಮೇಲೆ. "ಒದೀತು."