ಕಹಿ ಬರದ ಬಳ್ಳಿ

ಕುಂಡದಲ್ಲಿ ಬೆಳೆದ ಕಹಿಬಳ್ಳಿಗೆ ಕಹಿಯೇ ಇಲ್ಲ! ಔಷಧ ಕಂಪನಿಯ ನರ್ಸರಿಯಲ್ಲಿ ನೀರು, ಗೊಬ್ಬರ, ನೆರಳು ಕೊಟ್ಟು ಅವನ್ನು ಸಾಕಿದವಳು ನಾನು. ಎಲೆಗಳೇನೋ ಅಂಗೈಯಗಲ, ಅಗಿದರೆ ಬರೀ ಸಪ್ಪೆ. ಮದ್ದಿರುವುದೇ ಆ ಕಹಿಯಲ್ಲಿ. ಅದು ಬರದೆ ಒಂದೆಲೆಯನ್ನೂ ಅರೆಯುವಂತಿಲ್ಲ ಎಂದು ಪರೀಕ್ಷೆ ಮಾಡುವ ಮೇಡಂ ಹೇಳಿಬಿಟ್ಟಿದ್ದರು.

ಕಾಡಿನ ಬಳ್ಳಿ ಆಗಲೇ ಮುಗಿದಿತ್ತು. ಎಲೆ ಕೊಯ್ದರೆ ಮತ್ತೆ ಚಿಗುರುತ್ತದೆ. ಬೇರಿನಲ್ಲಿ ಕಹಿ ಹೆಚ್ಚೆಂದು ಕಂಪನಿಯವರು ಬೇರನ್ನೇ ಅಗೆಸಿದರು. ಆಮೇಲೆ ಇನ್ನೇನು ಚಿಗುರಬೇಕು, ಇವರ ತಲೆಯೇ? ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ ನರ್ಸರಿ ಮಾಡಿದರು.

ಆ ಬೇರನ್ನು ಲಾರಿಯಲ್ಲಿ ಹೇರಿಕೊಂಡು ಬರುತ್ತಿದ್ದವನು ನನ್ನ ತಮ್ಮ. ಈಗ ಅವನ ಹೊಟ್ಟೆ ಊದಿಕೊಂಡಿದೆ. ಊತ ಇಳಿಸುತ್ತಿದ್ದದ್ದು ಈ ಬಳ್ಳಿಯ ಔಷಧವೊಂದೇ. ಅದು ಈಗ ಯಾವ ಅಂಗಡಿಯಲ್ಲೂ ಇಲ್ಲ.

"ಲೋಡುಗಟ್ಟಲೆ ತಂದೋನು ನಾನೇ ಅಲ್ವೇನೇ ಅಕ್ಕಾ? ಒಂದು ಮೂಟೆ ಕದ್ದಿಟ್ಕೋಬೇಕಿತ್ತು," ಎಂದು ಮಲಗಿದಲ್ಲೇ ನಕ್ಕ.

"ಬಾಯಿ ಮುಚ್ಕೊಂಡು ಬಿದ್ಕೋ," ಎಂದು ಗದರಿದೆ. ಗದರದಿದ್ದರೆ ಅಳು ಬರುತ್ತಿತ್ತು.

ಸುಖದಲ್ಲಿ ಬೆಳೆದದ್ದಕ್ಕೆ ಕಹಿ ಬರುವುದಿಲ್ಲವಂತೆ. "ಸ್ವಲ್ಪ ಬಾಯಾರಿಸಿ ನೋಡಿ," ಎಂದರು ಮೇಡಂ. "ಆದ್ರೆ ಹುಷಾರು. ಇವೂ ಒಣಗಿದ್ರೆ ಬೀಜಕ್ಕೂ ಒಂದು ಬಳ್ಳಿ ಉಳಿಯಲ್ಲ."

ನೀರು ನಿಲ್ಲಿಸಿದೆ. ನೆರಳಿನ ಬಲೆ ಕಿತ್ತೆಸೆದೆ. ದಿನಾ ಸಂಜೆ ಒಂದೆಲೆ ಮನೆಗೆ ತಂದು, ತಮ್ಮ ಅರ್ಧ ನಾನರ್ಧ ಅಗಿಯುತ್ತಿದ್ದೆವು. ಸಪ್ಪೆ. ಮತ್ತೆ ಸಪ್ಪೆ. ಬಳ್ಳಿಗಳ ತುದಿ ಕರಕಲಾಗತೊಡಗಿತು. ಅದನ್ನು ಅವನಿಗೆ ಹೇಳುತ್ತಾ ಒಂದು ಸಂಜೆ ಅತ್ತೇಬಿಟ್ಟೆ.

ಮರುದಿನ ಎಲೆ ಕೊಟ್ಟದ್ದೇ ತಡ, ಇಡೀ ಎಲೆಯನ್ನು ಬಾಯಿಗೆ ತುರುಕಿಕೊಂಡ.

"ನನಗೆಲ್ಲೋ ಅರ್ಧ?"

"ಥೂ! ಅಬ್ಬಬ್ಬಾ, ಏನ್ ಕಹಿನೇ ಇದು!" ಮುಖ ಕಿವುಚಿದ. "ಬಂತಲ್ಲ, ಇನ್ನು ಅವಕ್ಕೆ ನೀರು ಹಾಕೇ. ಕಾಡಲ್ಲಿದ್ದದ್ದನ್ನೆಲ್ಲಾ ನಾನೇ ಹೊತ್ತು ತಂದೆ. ಉಳಿದಿದ್ದನ್ನೂ ನಾನೇ ನುಂಗಿದೆ ಅಂತ ಆಗೋದು ಬೇಡ."

ಎದ್ದೆನೋ ಬಿದ್ದೆನೋ ಎಂದು ನರ್ಸರಿಗೆ ಓಡಿದೆ. ಅವನಿಗೆ ಕೊಟ್ಟ ಎಲೆಯ ಕುಂಡದಿಂದಲೇ ಇನ್ನೊಂದು ಕಿತ್ತು ಅಗಿದೆ. ಪಕ್ಕದ್ದನ್ನೂ ಅಗಿದೆ. ಅದರ ಪಕ್ಕದ್ದನ್ನೂ. ಎಲ್ಲಾ ಸಪ್ಪೆ. ಅಯ್ಯೋ, ಸುಳ್ಳ!

ಮನೆಗೆ ಬಂದಾಗ ಬಾಗಿಲನ್ನೇ ನೋಡುತ್ತಿದ್ದ.

"ನೋಡಿದ್ಯಾ?"

"ನೋಡ್ದೆ ಕಣೋ. ಕಹಿ ಅಂದ್ರೆ ಕಹಿ," ಎಂದೆ.

"ನೀರು?"

"ಹಾಕಿ ಬಂದೆ."

ಅದೊಂದು ಮಾತ್ರ ನಿಜವಾಗಿತ್ತು.